ಬೋಲ್ಟೆಲ್ಲ ಕೂತಿದೆ, ಆದರೆ

ಮೈಸೂರಿನ ಬಸ್ ಡಿಪೋದಲ್ಲಿ ಗೇರ್‌ಬಾಕ್ಸ್ ಬಿಚ್ಚಿ ಕೂಡಿಸುವ ಕೆಲಸ ಮಾಡುತ್ತಿದ್ದವರ ಮಗಳು ನಾಗಮಣಿ. ರಜೆಯ ದಿನ ಅಪ್ಪನಿಗೆ ಊಟದ ಕ್ಯಾರಿಯರ್ ಕೊಟ್ಟು ಬಾ ಅಂತ ಅಮ್ಮ ಕಳಿಸಿದರೆ ಹುಡುಗಿ ಸಂಜೆಯವರೆಗೂ ಮನೆಗೆ ಬರುತ್ತಿರಲಿಲ್ಲ. ಅಪ್ಪ ಹಲ್ಲುಚಕ್ರಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಗೋಣಿಚೀಲದ ಮೇಲೆ ಸಾಲಾಗಿ ಇಡುವುದನ್ನೇ ನೋಡುತ್ತಾ ಕೂತುಬಿಡುತ್ತಿದ್ದಳು. ಹಬ್ಬಕ್ಕೆ ಹೊಲಿಸಿದ ಲಂಗಕ್ಕೆ ಗ್ರೀಸ್ ಮೆತ್ತಿಸಿಕೊಂಡು ಬಂದಳೆಂದು ಅಮ್ಮ ಬೈದರೆ, ಅಪ್ಪ ಮೀಸೆಯೊಳಗೇ ನಗುತ್ತಿದ್ದರು.

ಆ ಹುಡುಗಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಕೆಲಸ ಮಾಡಿ, ಮೂವತ್ತು ದಾಟಿದ ಮೇಲೆ ಡಚ್ಚರ ನಾಡಿನ ಐಂಡ್‌ಹೋವನ್ನಿಗೆ ಬಂದಳು. ಚಿಪ್ ತಯಾರಿಸುವ ಯಂತ್ರಗಳನ್ನು ಕಟ್ಟುವ ಕಂಪನಿಯೊಂದರಲ್ಲಿ ಅವಳಿಗೆ ಸಿಕ್ಕ ಕೆಲಸ ಕೇಳುವುದಕ್ಕೆ ಸಣ್ಣದು. ಒಂದು ತಂಡ ಯಂತ್ರದ ಒಂದು ಭಾಗ ಮಾಡುತ್ತದೆ, ಇನ್ನೊಂದು ತಂಡ ಇನ್ನೊಂದು ಭಾಗ ಮಾಡುತ್ತದೆ. ಎರಡೂ ಕೂಡುವ ಜಾಗದಲ್ಲಿ ನಿಜವಾಗಿ ಕೂಡುತ್ತವೆಯೇ, ಕೂಡಿದ ಮೇಲೆ ಒಂದರ ಶಾಖ, ಒಂದರ ಅದುರು ಇನ್ನೊಂದನ್ನು ಕೆಡಿಸುತ್ತದೆಯೇ ಅಂತ ಮೊದಲೇ ನೋಡಿ ಹೇಳುವವಳು ನಾಗಮಣಿ. ಮೀಟಿಂಗಿನಲ್ಲಿ ಎಲ್ಲರೂ ತಲೆ ಅಲ್ಲಾಡಿಸಿ ಏಳುವ ಹೊತ್ತಿಗೆ ಇವಳು ಕೈ ಎತ್ತುತ್ತಿದ್ದಳು. ಡಚ್ಚರು ಮುಖಕ್ಕೇ ಹೇಳುವ ಜನ, "ಮತ್ತೆ ನೀನಾ!" ಅಂತ ನಗುತ್ತಿದ್ದರು, ಆಮೇಲೆ ಕೂತು ಕೇಳುತ್ತಿದ್ದರು.

ಮದುವೆ ಆಗಿರಲಿಲ್ಲ. ಯಾಕೆ ಅಂತ ಕೇಳುತ್ತಿದ್ದವರು ಕೇಳಿ ಕೇಳಿ ಸುಸ್ತಾಗಿ ಸುಮ್ಮನಾಗಿದ್ದರು. ಐಂಡ್‌ಹೋವನ್ನಿನಲ್ಲಿ ಅವಳಿಗೆ ಮನೆ ಅಂತ ಇದ್ದದ್ದು ಎರಡು. ಒಂದು ಅವಳದ್ದೇ ಫ್ಲಾಟು. ಇನ್ನೊಂದು ದಿವಾಕರನ ಮನೆ.

ದಿವಾಕರ ಮೈಸೂರಿನ ಕಾಲೇಜಿನಲ್ಲಿ ಅವಳ ಕ್ಲಾಸ್‌ಮೇಟ್. ಅವನೇ ಮೊದಲು ಈ ದೇಶಕ್ಕೆ ಬಂದವನು. ಇಲ್ಲಿನ ಕೆಲಸಕ್ಕೆ ಅವಳ ಹೆಸರು ಹೇಳಿದವನೂ ಅವನೇ. ಅವಳು ಬಂದಿಳಿದ ದಿನ ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ದಪ್ಪ ಜಾಕೆಟ್ ಹಿಡಿದುಕೊಂಡು ನಿಂತಿದ್ದವನೂ ಅವನೇ. "ನಿನ್ನ ಸ್ವೆಟರ್ ನೋಡಿದ್ರೆ ಈ ಊರಿನ ಗಾಳಿ ನಗುತ್ತೆ ಕಣೇ, ಇದನ್ನ ಹಾಕ್ಕೋ" ಅಂದಿದ್ದ. ಅವನ ಹೆಂಡತಿ ಅಮೂಲ್ಯಾಗೆ ಹೆರಿಗೆ ಹತ್ತಿರವಾದಾಗ ಅವಳ ತಾಯಿಗೆ ವೀಸಾ ಸಿಗಲಿಲ್ಲ. ಬಾಣಂತನ ಮಾಡಿದ್ದು ನಾಗಮಣಿ. ಮೈಸೂರಿನಿಂದ ಅಮ್ಮ ಫೋನಿನಲ್ಲಿ ಹೇಳಿಕೊಟ್ಟ ಹಾಗೆ ಮೆಣಸಿನ ಸಾರು ಕಾಯಿಸಿದಳು, ಬೆಳ್ಳುಳ್ಳಿ ಹುರಿದಳು, ಮೈ ತಿರುಗಿಸಲೂ ಜಾಗವಿಲ್ಲದ ಡಚ್ ಬಚ್ಚಲಿನಲ್ಲಿ ಬಾಣಂತಿಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕಿದಳು. ಹುಟ್ಟಿದ ಮಗು ಅಕ್ಷಯಾ ಈಗ ಶಾಲೆಗೆ ಹೋಗುವ ಹುಡುಗಿ. ಇಲ್ಲಿ ಬುಧವಾರ ಮಧ್ಯಾಹ್ನಕ್ಕೇ ಶಾಲೆ ಬಿಡುತ್ತದೆ. ನಾಗಮಣಿ ಬುಧವಾರ ಕೆಲಸಕ್ಕೆ ರಜೆ ಇಟ್ಟುಕೊಂಡು, ಸೈಕಲ್ಲಿನ ಹಿಂದೆ ಅವಳನ್ನು ಕೂರಿಸಿಕೊಂಡು ಬರುವುದು ರೂಢಿಯಾಗಿಹೋಗಿತ್ತು. "ತಾಂತೆ ಮಣಿ" ಅಂತ ಕರೆಯುತ್ತಿತ್ತು ಮಗು. ತಾಂತೆ ಅಂದರೆ ಡಚ್ಚಿನಲ್ಲಿ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಎಲ್ಲವೂ.

ಇಂಥ ಬಳಕೆಯಲ್ಲಿ ಒಂದು ಹಳೆಯ ಕ್ಯಾಂಪರ್ ವ್ಯಾನನ್ನು ಎರಡೂ ಮನೆ ಸೇರಿ ಕೊಂಡರೆ ಅದೇನು ದೊಡ್ಡ ವಿಷಯ? ಒಳಗೆ ಮಡಚುವ ಹಾಸಿಗೆ, ಚಿಕ್ಕ ಒಲೆ, ಕಿಟಕಿಗೆ ಚೌಕಳಿ ಪರದೆ. ನೋಂದಣಿ ದಿವಾಕರನ ಹೆಸರಿನಲ್ಲಿತ್ತು. ಯಾರ ಹೆಸರಾದರೇನು ಅಂತ ಅಂದವಳು ನಾಗಮಣಿಯೇ. ಜೀಲ್ಯಾಂಡಿನ ಸಮುದ್ರದ ದಂಡೆಗೆ, ಬೆಲ್ಜಿಯಂನ ಗುಡ್ಡಗಳಿಗೆ, ಎಲ್ಲಿಗೆ ಹೋದರೂ ಕುಕ್ಕರ್ ಜೊತೆಗೆ ಹೋಗುತ್ತಿತ್ತು. ಸೀಟಿ ಹೊಡೆದಾಗ ಪಕ್ಕದ ಟೆಂಟಿನ ಜನ ಬೆಚ್ಚಿ ಹೊರಗೆ ಬರುವುದು, ದಿವಾಕರ ಅವರನ್ನು ಕೂರಿಸಿ ಬಿಸಿಬೇಳೆಬಾತ್ ಬಡಿಸುವುದು. ಮಾತಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಎಲ್ಲವನ್ನೂ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದ. ವ್ಯಾನಿನ ಕೆಳಗೆ ಮಲಗಿ ಎಣ್ಣೆ ಬದಲಿಸುವ ಕೆಲಸ ನಾಗಮಣಿಯದ್ದು, ಅದರ ವಿಡಿಯೋ ಅವನದ್ದು.

ಒಂದು ಬೇಸಿಗೆಯ ಕೊನೆಗೆ ಜೀಲ್ಯಾಂಡಿನಿಂದ ಬರುವಾಗ ಎಂಜಿನ್ ಕುದಿದು, ಬಿಳಿ ಹೊಗೆ ಕಾರಿ ನಿಂತುಹೋಯಿತು. ಎಂಜಿನ್ನಿನ ಮೇಲ್ಭಾಗದ ಸಿಲಿಂಡರ್ ಹೆಡ್ ಬಿರುಕು ಬಿಟ್ಟಿತ್ತು. ಅಕ್ಷಯಾ ಅತ್ತುಬಿಟ್ಟಳು. ಬೇರೆ ಎಂಜಿನ್ ಹಾಕೋಣ ಅಂತ ದೊಡ್ಡವರು ಅವಳಿಗೆ ಮಾತು ಕೊಟ್ಟರು.

ಎಂಜಿನ್ ಹುಡುಕಿ ತಂದವನು ದಿವಾಕರ. ಅದೇ ಕಂಪನಿಯ, ಆದರೆ ಹೊಸ ಕಾಲದ, ಟರ್ಬೊ ಇರುವ ಡೀಸೆಲ್ ಎಂಜಿನ್. ಯಾವುದೋ ಅಪಘಾತಕ್ಕೆ ಸಿಕ್ಕಿದ ಕಾರಿನಿಂದ ಇಳಿಸಿದ್ದು. ಇಲ್ಲಿ ನಮ್ಮ ಕೆಲಸ ನಾವೇ ಮಾಡಿಕೊಳ್ಳುವ ಗ್ಯಾರೇಜುಗಳಿವೆ; ವಾಹನ ಎತ್ತುವ ಲಿಫ್ಟು, ಸಾಮಾನು ಎಲ್ಲ ಬಾಡಿಗೆಗೆ ಕೊಡುತ್ತಾರೆ. ಅಂಥದೊಂದು ಗ್ಯಾರೇಜಿನಲ್ಲಿ ಶನಿವಾರ ಬೆಳಿಗ್ಗೆ ವ್ಯಾನನ್ನು ಮೇಲಕ್ಕೆತ್ತಿ, ಸತ್ತ ಎಂಜಿನ್ ಇಳಿಸಿ, ನಾಗಮಣಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡತೊಡಗಿದಳು.

ಮೊದಲು ನೋಡಿದ್ದು ಎಂಜಿನ್ನೂ ಗೇರ್‌ಬಾಕ್ಸೂ ಮುಖಕ್ಕೆ ಮುಖ ಕೊಟ್ಟು ಕೂಡುವ ಜಾಗ. ಗೇರ್‌ಬಾಕ್ಸಿನ ಬಾಯಿ ಅಲ್ಲಿ ಗಂಟೆಯ ಹಾಗೆ ಅಗಲವಾಗಿರುತ್ತದೆ. ಬೆಲ್ ಹೌಸಿಂಗ್ ಅನ್ನುತ್ತಾರೆ. ಕ್ಲಚ್ ಬಿಚ್ಚಿಟ್ಟ ಹೊಸ ಎಂಜಿನ್ನನ್ನು ಸರಪಳಿಯಲ್ಲಿ ತೂಗಿ, ಮೆಲ್ಲಗೆ ತಳ್ಳಿ, ಸುತ್ತಲಿನ ರಂಧ್ರಗಳಿಗೆ ಒಂದೊಂದೇ ಬೋಲ್ಟು ಬೆರಳಿನಿಂದಲೇ ತಿರುಗಿಸಿದಳು. ಎಲ್ಲವೂ ಇಳಿದವು.

"ಹೇ! ಅಳತೆ ಕೊಟ್ಟು ಹೊಲಿಸಿದ ಹಾಗಿದೆ" ಅಂತ ದಿವಾಕರ ಕುಣಿದ. ಫೋನ್ ಎತ್ತಿ ಹಿಡಿದ. "ಹೇಳು ಮಣಿ, ಅಮೂಲ್ಯಾಗೆ ಕಳಿಸ್ತೀನಿ. ಏನು ನಿನ್ನ ರಿಪೋರ್ಟು?"

ಅವಳು ಕೆನ್ನೆಯ ಮೇಲಿನ ಮಸಿಯನ್ನು ಭುಜಕ್ಕೆ ಒರೆಸಿಕೊಂಡು ನಗುತ್ತಲೇ ಹೇಳಿದಳು: "ಬೋಲ್ಟೆಲ್ಲ ಕೂತಿದೆ. ಎಂಜಿನ್ ಮೌಂಟಿಗೂ ತೊಂದರೆ ಇಲ್ಲ, ಸರಿಯಾಗಿ ಹೊಂದುತ್ತೆ. ಆದರೆ..."

ಆ 'ಆದರೆ' ದೊಡ್ಡದಿತ್ತು. ಎಂಜಿನ್ನನ್ನು ಮತ್ತೆ ಹಿಂದಕ್ಕೆ ಎಳೆಸಿ ತೋರಿಸಿದಳು. ಹೊಸ ಎಂಜಿನ್ನಿನ ಕ್ಲಚ್ ಪ್ಲೇಟು ಹಳೆಯ ಗೇರ್‌ಬಾಕ್ಸಿನ ಶಾಫ್ಟಿನ ಮೇಲೆ ಜಾರುತ್ತಿರಲಿಲ್ಲ. ಶಾಫ್ಟಿನ ಹಲ್ಲುಗಳ ಲೆಕ್ಕವೇ ಬೇರೆ. ಅದಕ್ಕಾದರೆ ಉಪಾಯವಿದೆ, ನಡುಭಾಗ ಬದಲಿಸಿದ ಪ್ಲೇಟು ಮಾಡಿಸಬಹುದು. ಉಪಾಯವಿಲ್ಲದ್ದು ಒಂದಿತ್ತು. ಟರ್ಬೊ ಎಂಜಿನ್ನು ತಿರುಗಿಸುವ ಬಲ ಹಳೆಯದರ ಹೆಚ್ಚುಕಡಿಮೆ ಎರಡರಷ್ಟು. ಹಳೆಯ ಗೇರ್‌ಬಾಕ್ಸು ಅಷ್ಟು ಬಲ ಹೊರುವುದಕ್ಕೆ ಮಾಡಿದ್ದಲ್ಲ. ಅವಳು ಗೇರ್‌ಬಾಕ್ಸಿನ ಎಣ್ಣೆ ಇಳಿಸಿ, ಬಟ್ಟಲನ್ನು ಕಿಟಕಿಯ ಬೆಳಕಿಗೆ ವಾಲಿಸಿದಳು. ಎಣ್ಣೆಯಲ್ಲಿ ಉಕ್ಕಿನ ಸಣ್ಣ ಸಣ್ಣ ಚೂರು ಮಿನುಗಿದವು.

"ಇದು ಆಗಲೇ ಸವೆದಿದೆ ನೋಡು. ಈ ಎಂಜಿನ್ ಇದಕ್ಕೆ ಕಟ್ಟಿದ್ರೆ ಓಡುತ್ತೆ, ಚೆನ್ನಾಗೇ ಓಡುತ್ತೆ. ಒಂದು ದಿನ ಹೈವೇಲಿ ಹಲ್ಲು ಮುರಿದು ಮಧ್ಯಕ್ಕೆ ಸಿಕ್ಕಿಹಾಕ್ಕೊಂಡ್ರೆ ಮುಂದಿನ ಚಕ್ರ ಎರಡೂ ಲಾಕ್ ಆಗುತ್ತೆ. ಒಳಗೆ ಅಕ್ಷಯಾ ಇರ್ತಾಳೆ, ದಿವಾಕರ."

"ಹಾಗಾದ್ರೆ ಆ ಕಾರಿನ ಗೇರ್‌ಬಾಕ್ಸನ್ನೇ ತಂದ್ರೆ?"

ಅದನ್ನೂ ಅವಳು ಯೋಚಿಸಿದ್ದಳು. ಅದು ಉದ್ದ, ವ್ಯಾನಿನ ಅಡ್ಡಪಟ್ಟಿಗೆ ತಗಲುತ್ತದೆ. ಗೇರ್ ಹಾಕುವ ಸರಳೂ ಹೊಂದುವುದಿಲ್ಲ, ಚಕ್ರಕ್ಕೆ ಹೋಗುವ ಶಾಫ್ಟೂ ಹೊಂದುವುದಿಲ್ಲ. ಹಳೆಯ ಥರದ್ದೇ ಎಂಜಿನ್ ಹುಡುಕೋಣ, ತಡವಾದರೂ ಪರವಾಗಿಲ್ಲ ಅಂದಳು.

ದಿವಾಕರನ ಮುಖ ಇಳಿಯಿತು. "ಸರಿ ಬಿಡು. ನೀನು ಬೇಡ ಅಂದ ಮೇಲೆ ಮುಗೀತು" ಅಂದ. ಮರಳಿ ಹೋಗುವಾಗ ಇಬ್ಬರೂ ಬೀದಿಬದಿಯಲ್ಲಿ ಆಲೂಗಡ್ಡೆ ಫ್ರೈ ತಿಂದರು. ವ್ಯಾನು ಅಲ್ಲೇ ಗ್ಯಾರೇಜಿನವರ ಹಿತ್ತಲಿನಲ್ಲಿ ಉಳಿಯಿತು.

ಇದಾದ ಸ್ವಲ್ಪ ದಿನಕ್ಕೆ ಮೈಸೂರಿನಲ್ಲಿ ಅಮ್ಮನಿಗೆ ಮಂಡಿಯ ಆಪರೇಷನ್ ಅಂತ ನಿಶ್ಚಯವಾಗಿ ನಾಗಮಣಿ ಊರಿಗೆ ಹೋದಳು. ಅಪ್ಪ ಹೋಗಿ ವರ್ಷಗಳಾಗಿದ್ದವು. ಅಮ್ಮನನ್ನು ಕೈ ಹಿಡಿದು ನಡೆಸುವುದರಲ್ಲೇ ಆ ಚಳಿಗಾಲ ಕಳೆಯಿತು. ಹೊಸ ವರ್ಷ ಕಳೆದು ಮರಳಿ ಬಂದಾಗ ದಿವಾಕರನ ಮನೆಯ ಮುಂದೆ ಬೆಳ್ಳಿ ಬಣ್ಣದ ಚೊಕ್ಕ ಸ್ಟೇಷನ್ ವ್ಯಾಗನ್ ಕಾರೊಂದು ನಿಂತಿತ್ತು.

"ಹೊಸ ಆಫೀಸಲ್ಲಿ ಕಂಪನಿ ಕಾರು ಕೊಡಲ್ಲ ಕಣೇ. ಪರಿಚಯದವರ ಹತ್ರ ತಗೊಂಡೆ" ಅಂದ ದಿವಾಕರ. "ಮತ್ತೆ ವ್ಯಾನು... ಹೇಗೆ ಹೇಳೋದೋ ಗೊತ್ತಾಗ್ತಿಲ್ಲ. ಗ್ಯಾರೇಜಿನವರು ಜಾಗ ಖಾಲಿ ಮಾಡಿ ಅಂದ್ರು. ಬಿಡಿಭಾಗ ಮಾರೋ ಒಬ್ಬ ಡಚ್ಚ ಎತ್ತಿಕೊಂಡು ಹೋದ."

ವ್ಯಾನಿನ ಪರದೆಯ ಬಟ್ಟೆಯನ್ನು ನಾಗಮಣಿಯೇ ಸಂತೆಯಲ್ಲಿ ಹುಡುಕಿ ಆರಿಸಿದ್ದಳು. ಆದರೂ ಅವನ ಮುಖ ನೋಡಿ, "ಹೋಗ್ಲಿ ಬಿಡೋ, ನೀನೇನು ಮಾಡ್ತೀಯ" ಅಂತ ಅವಳೇ ಸಮಾಧಾನ ಹೇಳಿದಳು. ಅಮೂಲ್ಯಾ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಹೋಳಿಗೆ ಬೇಯಿಸುತ್ತಿದ್ದಾಳೆ, ಕೈ ಬಿಡುವಿಲ್ಲ ಅಂದುಕೊಂಡಳು ನಾಗಮಣಿ.

ಏಪ್ರಿಲ್ ತಿಂಗಳ ಒಂದು ಮಂಗಳವಾರ, ಆಫೀಸಿನಲ್ಲಿ ಊಟ ಮುಗಿಸಿ ಡಬ್ಬಿ ತೊಳೆಯುತ್ತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಹೆಣ್ಣುಮಗಳೊಬ್ಬಳ ದನಿ.

"ನಾಗಮಣಿ ಅವರಾ? ನನ್ನ ಹೆಸರು ನಿಸರ್ಗ. ಗ್ರೋನಿಂಗನ್ ಯೂನಿವರ್ಸಿಟೀಲಿ ರಿಸರ್ಚ್ ಮಾಡ್ತಿದ್ದೀನಿ, ಊರು ತುಮಕೂರು. ನಾನು ನಿಮಗೆ ಗೊತ್ತಿಲ್ಲ, ನಂಬರು ಕನ್ನಡ ಸಂಘದವರು ಕೊಟ್ರು. ಆದ್ರೆ ವ್ಯಾನು ಚೆಕ್ ಮಾಡಿದ್ದು ನೀವೇ ಅಲ್ವಾ?"

"ಯಾವ ವ್ಯಾನು?"

ಆ ಕಡೆಯ ದನಿ ಗಡುಸಾಯಿತು. "ಯಾವ ವ್ಯಾನು ಅಂತ ಕೇಳ್ತೀರಲ್ಲಾ ಮೇಡಮ್. ನನ್ನ ಗಂಡ ಆಸ್ಪತ್ರೆಯಿಂದ ಈಗ ಮನೆಗೆ ಬಂದಿದ್ದಾರೆ. ದಿವಾಕರ್ ಸರ್ ಕೊಟ್ಟ ಕ್ಯಾಂಪರ್ ವ್ಯಾನು. ನೀವು ನೋಡಿ ಸರಿ ಇದೆ ಅಂದಿದ್ದಕ್ಕೇ ಅಲ್ವಾ ನಾವು ನಮ್ಮ ಕಾರು ಕೊಟ್ಟು ಅದನ್ನ ತಗೊಂಡಿದ್ದು?"

ನಾಗಮಣಿ ನಲ್ಲಿ ನಿಲ್ಲಿಸುವುದನ್ನೂ ಮರೆತಳು. ನೀರು ಡಬ್ಬಿ ತುಂಬಿ ಹರಿಯುತ್ತಲೇ ಇತ್ತು. ಪಕ್ಕದಲ್ಲಿ ಕಾಫಿ ಮಾಡಿಕೊಳ್ಳುತ್ತಿದ್ದ ಸಹೋದ್ಯೋಗಿ ಕೈ ಚಾಚಿ ನಿಲ್ಲಿಸಿದ.

ಮಾರನೆಯ ದಿನ ಬುಧವಾರ. ಮಗುವನ್ನು ಶಾಲೆಯಿಂದ ಕರೆದುಕೊಂಡು ಬರುವುದಕ್ಕೆ ಆಗುವುದಿಲ್ಲ ಅಂತ ಅಮೂಲ್ಯಾಗೆ ಮೆಸೇಜ್ ಕಳಿಸಿದಳು, ಕಾರಣ ಹೇಳಲಿಲ್ಲ. ದೇಶದ ದಕ್ಷಿಣದ ತುದಿಯಿಂದ ಉತ್ತರದ ತುದಿಗೆ ರೈಲು. ಕಿಟಕಿಯಾಚೆ ಕಾಲುವೆ, ಹಸು, ಕಾಲುವೆ. ದಾರಿಯುದ್ದಕ್ಕೂ ಅವಳು ದಿವಾಕರನ ಪರವಾಗಿಯೇ ವಾದ ಹೂಡಿದಳು. ಬಿಡಿಭಾಗದವನೇ ಯಾವುದೋ ಎಂಜಿನ್ ಕೂರಿಸಿ ಮಾರಿರಬೇಕು. ಈ ಹುಡುಗರು ಹೆಸರು ತಪ್ಪು ತಿಳಿದಿರಬೇಕು. ಅವನು ಹಾಗೆ ಮಾಡುವವನಲ್ಲ. ಝ್ವೋಲೆಯಲ್ಲಿ ರೈಲು ಬದಲಿಸುವಾಗಲೂ ಅದನ್ನೇ ಅಂದುಕೊಳ್ಳುತ್ತಿದ್ದಳು.

ನಿಸರ್ಗ ಸ್ಟೇಷನ್ನಿಗೆ ಬಂದಿದ್ದಳು. ಮುಗುಳ್ನಗಲಿಲ್ಲ. ವಿದ್ಯಾರ್ಥಿಗಳೇ ತುಂಬಿದ ಬೀದಿಯ ಮೇಲ್ಮಹಡಿಯ ಚಿಕ್ಕ ಮನೆಯಲ್ಲಿ ಅವಳ ಗಂಡ ಚಿರಂತನ ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದ. ಧಾರವಾಡದವನು, ಅವನೂ ಸಂಶೋಧಕ. ಹಣೆಯ ಮೇಲೆ ಹೊಲಿಗೆ. ಆದರೂ ಎದ್ದು ನಿಂತು, "ಬರ್ರಿ, ಕೂಡ್ರಿ" ಅಂದ.

ನಡೆದದ್ದನ್ನು ಅವನೇ ಹೇಳಿದ. ಉತ್ತರದಲ್ಲಿ ಸಮುದ್ರವನ್ನು ತಡೆದು ಕಟ್ಟಿದ ಉದ್ದನೆಯ ಒಡ್ಡಿನ ಮೇಲೆ ಹೈವೇ ಹೋಗುತ್ತದೆ. ಆಲ್ಕ್‌ಮಾರ್‌ನಲ್ಲಿದ್ದ ಸ್ನೇಹಿತರ ಮನೆಯಿಂದ ಬರುವಾಗ, ಆ ಒಡ್ಡಿನ ಮೇಲೆ, ಯಾವ ಮುನ್ಸೂಚನೆಯೂ ಇಲ್ಲದೆ ಗಡಗಡ ಅಂತ ಸದ್ದಾಗಿ ಮುಂದಿನ ಚಕ್ರಗಳು ಹಿಡಿದುಕೊಂಡವು. ವ್ಯಾನು ತಿರುಗಿ ತಡೆಗೋಡೆಗೆ ಬಡಿಯಿತು. ಹಿಂದೆ ಬರುತ್ತಿದ್ದ ಲಾರಿಯವನು ಪುಣ್ಯಾತ್ಮ, ಪಕ್ಕಕ್ಕೆ ಎಳೆದುಕೊಂಡ.

"ಬಾಜೂಕ್ಕ ಇಕಿ ಕೂತಿದ್ಲರಿ" ಅಂದ ಚಿರಂತನ, ಹೆಂಡತಿಯನ್ನು ನೋಡುತ್ತಾ. "ಕೈ ಮುರದದ್ದು ಏನೂ ಅಲ್ರೀ. ಆ ಲಾರಿ ಒಂದ್ ಚೂರು ತಡಾ ಮಾಡಿದ್ದ್ರ..."

"ದಿವಾಕರ ನಿಮಗೆ ಹೇಗೆ ಪರಿಚಯ?"

ಜೂಟರ್‌ಮೀರ್‌ನ ಸಭಾಂಗಣದಲ್ಲಿ ಕನ್ನಡ ಸಂಘದವರು ಸೇರಿ ರಾಜ್ಯೋತ್ಸವ ಮಾಡಿದ್ದರು. ಊಟದ ಸಾಲಿನಲ್ಲಿ ಪರಿಚಯ. ನಾರ್ವೆಗೆ ವ್ಯಾನಿನಲ್ಲಿ ಹೋಗುವ ಆಸೆ ಇವರದ್ದು. ತನ್ನ ಹತ್ತಿರ ವ್ಯಾನಿದೆ, ಕಾರಿಗೆ ಅದಲುಬದಲು ಮಾಡಿಕೊಳ್ಳೋಣ ಅಂತ ಅವನ ಮಾತು. ಹೊಸ ಎಂಜಿನ್ ಹಾಕಿಸಿದ್ದೇನೆ ಅಂದನಂತೆ. "ನಾ ಮೊದಲ ಅಂಜಿದೆರಿ, ಎಂಜಿನ್ ಬ್ಯಾರೆ, ಗೇರ್‌ಬಾಕ್ಸ್ ಬ್ಯಾರೆ, ಹೊಂದ್ತಾವೋ ಇಲ್ಲೋ ಅಂತ ಕೇಳಿದೆ. ಅದಕ್ಕ ಅವರು ನಿಮ್ಮ ವಿಡಿಯೋ ತೋರ್ಸಿದ್ರು."

ನಿಸರ್ಗ ಫೋನ್ ತೆಗೆದು ಮೇಜಿನ ಮೇಲಿಟ್ಟಳು. ತೆರೆಯ ಮೇಲೆ ನಾಗಮಣಿಯೇ ಇದ್ದಳು. ಕೆನ್ನೆಯ ಮಸಿಯನ್ನು ಭುಜಕ್ಕೆ ಒರೆಸಿಕೊಂಡು ನಕ್ಕಳು. 'ಬೋಲ್ಟೆಲ್ಲ ಕೂತಿದೆ. ಎಂಜಿನ್ ಮೌಂಟಿಗೂ ತೊಂದರೆ ಇಲ್ಲ, ಸರಿಯಾಗಿ ಹೊಂದುತ್ತೆ.' ಅಷ್ಟೇ. ವಿಡಿಯೋ ಅಲ್ಲಿಗೆ ಮುಗಿಯಿತು.

"ಇನ್ನೊಂದು ಸಲ ಹಾಕಿ" ಅಂದಳು ನಾಗಮಣಿ. ಇನ್ನೊಂದು ಸಲ ನೋಡಿದಳು. ಆ ನಗು ಅವಳಿಗೆ ನೋಡಲಾಗಲಿಲ್ಲ. ಸ್ನೇಹಿತ ಹಿಡಿದ ಫೋನಿನ ಮುಂದೆ ಮಾತ್ರ ಯಾರಾದರೂ ಹಾಗೆ ನಗುತ್ತಾರೆ.

"ಇದರ ಮುಂದೆ ನಾನು 'ಆದರೆ' ಅಂದಿದ್ದೆ" ಅಂದಳು. ದನಿ ತನ್ನದೇ ಅಂತ ಅನ್ನಿಸಲಿಲ್ಲ. "ಬೇಡ ಅಂತ ಹೇಳಿದ್ದೆ. ಹಿಂಗೇ ಆಗುತ್ತೆ ಅಂತಲೂ ಹೇಳಿದ್ದೆ. ನೀವು ನಂಬಬೇಕಾಗಿಲ್ಲ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ನಿಸರ್ಗಳ ಕಣ್ಣಿನಲ್ಲಿದ್ದ ಸಿಟ್ಟು ಪೂರ್ತಿ ಹೋಗಲಿಲ್ಲ. ಆದರೂ ಎದ್ದು ಹೋಗಿ ಚಹಾ ಮಾಡಿ ತಂದಳು.

ಮಧ್ಯಾಹ್ನ ಮೂವರೂ ವ್ಯಾನು ಎಳೆದು ತಂದು ಹಾಕಿದ್ದ ಅಂಗಳಕ್ಕೆ ಹೋದರು. ಚೌಕಳಿ ಪರದೆ ಹಾಗೇ ಇತ್ತು. ನಾಗಮಣಿ ಜಲ್ಲಿಯ ಮೇಲೆ ಬೆನ್ನು ಕೊಟ್ಟು ಮಲಗಿ ಒಳಗೆ ನೋಡಿದಳು. ಗೇರ್‌ಬಾಕ್ಸಿನ ಹೊಟ್ಟೆ ಒಡೆದಿತ್ತು. ಒಡೆದ ಜಾಗದಿಂದ ತುಂಡಾದ ಹಲ್ಲುಚಕ್ರವೊಂದು ಹೊರಗೆ ಇಣುಕುತ್ತಿತ್ತು. ಹೊಸ ಕ್ಲಚ್ ಪ್ಲೇಟಿನ ನಡುಭಾಗ ಬದಲಿಸಿದ್ದರು. ಅದು ಉಪಾಯ ಅಂತ ಅವನಿಗೆ ಹೇಳಿಕೊಟ್ಟವಳು ಅವಳೇ. ಉಪಾಯವಿದ್ದದ್ದನ್ನು ಅವನು ಕೇಳಿಸಿಕೊಂಡಿದ್ದ, ಉಪಾಯವಿಲ್ಲದ್ದನ್ನು ಬಿಟ್ಟಿದ್ದ.

ಎದ್ದು ಬಂದಾಗ ಅವಳ ಕಣ್ಣು ನೋಡಿ ನಿಸರ್ಗ ಮೊದಲ ಸಲ "ಅಕ್ಕಾ" ಅಂದಳು.

ಶನಿವಾರ ಬೆಳಿಗ್ಗೆ ನಾಗಮಣಿ ದಿವಾಕರನ ಮನೆಗೆ ಹೋದಳು. ಅಕ್ಷಯಾ ಈಜು ತರಗತಿಗೆ ಹೋಗಿರುವ ಹೊತ್ತು ಅಂತ ಗೊತ್ತಿದ್ದೇ ಹೋದಳು. ಬೆಳ್ಳಿ ಬಣ್ಣದ ಕಾರನ್ನು ದಾಟಿ ಹೋಗುವಾಗ ಅದರ ಹಿಂದಿನ ಗಾಜಿನಲ್ಲಿ ಗ್ರೋನಿಂಗನ್ ಯೂನಿವರ್ಸಿಟಿಯ ಸ್ಟಿಕ್ಕರಿನ ಕಲೆ ಕಾಣಿಸಿತು. ಕೆರೆದು ತೆಗೆದಿದ್ದರು, ಪೂರ್ತಿ ಹೋಗಿರಲಿಲ್ಲ. ಮೂರು ತಿಂಗಳು ಅದೇ ಕಾರಿನಲ್ಲಿ ಕೂತು ತರಕಾರಿಗೆ ಹೋಗಿ ಬಂದಿದ್ದಳು. ಗಮನಿಸಿರಲಿಲ್ಲ.

"ಗ್ರೋನಿಂಗನ್‌ಗೆ ಹೋಗಿದ್ದೆ" ಅಂದಳು, ಬಾಗಿಲಲ್ಲೇ.

ದಿವಾಕರ ಸೋಫಾದ ಮೇಲೆ ಕೂತುಬಿಟ್ಟ. ಸುಳ್ಳು ಹೇಳಲಿಲ್ಲ. ಅಷ್ಟರ ಮಟ್ಟಿಗೆ ಅವಳನ್ನು ಬಲ್ಲವನು.

"ಏನೂ ಆಗಲ್ಲ ಅಂದ್ಕೊಂಡೆ ಮಣಿ. ಬೆಲ್ಜಿಯಂನಲ್ಲಿ ಒಬ್ಬ ಕೂರಿಸಿ ಕೊಟ್ಟ. ನಾನೇ ಓಡಿಸಿ ನೋಡಿದೆ, ಬೆಣ್ಣೆ ಹಾಗೆ ಓಡ್ತು. ವರ್ಷದ ತಪಾಸಣೇಲೂ ಪಾಸಾಯ್ತು."

"ತಪಾಸಣೆಯವರು ಬ್ರೇಕು, ಲೈಟು ನೋಡ್ತಾರೆ. ಗೇರ್‌ಬಾಕ್ಸ್ ಬಿಚ್ಚಿ ನೋಡಲ್ಲ. ನಿನಗದು ಗೊತ್ತು."

"ನೀನು ಎಲ್ಲದಕ್ಕೂ ಒಂದು 'ಆದರೆ' ಹೇಳ್ತೀಯ!" ಅವನ ದನಿ ಏರಿತು. "ಕಾಲೇಜಿಂದ ಕೇಳಿದ್ದೀನಿ. ಮನೆ ತಗೋಬೇಕಾದ್ರೆ ಆದರೆ, ಕೆಲಸ ಬದಲಿಸಬೇಕಾದ್ರೆ ಆದರೆ. ನೀನು ಬೇಡ ಅಂದ ಎಷ್ಟೋ ಕೆಲಸ ನಾನು ಮಾಡಿದ್ದೀನಿ, ಏನೂ ಆಗಿಲ್ಲ. ಇದೂ ಹಂಗೇ ಅಂದ್ಕೊಂಡೆ."

"ಹಾಗಿದ್ರೆ ಅಕ್ಷಯಾನ ಕೂರಿಸಿಕೊಂಡು ನೀನೇ ಓಡಿಸಬೇಕಿತ್ತು."

ಅವನು ತಲೆ ತಗ್ಗಿಸಿದ. ಅವಳಿಗೆ ಅರ್ಥವಾಯಿತು. ಅವನು ಅವಳ ಮಾತನ್ನು ಪೂರ್ತಿ ನಂಬಿದ್ದ. ನಂಬಿದ್ದಕ್ಕೇ ವ್ಯಾನನ್ನು ತನ್ನ ಮನೆಯಿಂದ ದಾಟಿಸಿದ್ದ.

ಅಮೂಲ್ಯಾ ಮೆಟ್ಟಿಲ ಬಳಿ ಬಂದು ನಿಂತಿದ್ದಳು. ನಾಗಮಣಿ ಅವಳ ಕಡೆ ತಿರುಗಿದಳು. "ನಿನಗೂ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕಾ."

ಇಷ್ಟು ಹೊತ್ತು ತಡೆದುಕೊಂಡಿದ್ದವಳಿಗೆ ಅದೊಂದು ಮಾತು ತಡೆಯಲಾಗಲಿಲ್ಲ. ಬಾಣಂತಿಯಾಗಿದ್ದಾಗ ಇದೇ ಅಮೂಲ್ಯಾ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಹೋಳಿಗೆ ಮಾಡಿದ ದಿನ ಹೊರಗೆ ಬರದಿದ್ದದ್ದು ಕೈ ಬಿಡುವಿಲ್ಲದೆ ಅಲ್ಲ.

"ಅವರ ಕಾರು ಅವರಿಗೆ ವಾಪಸ್ ಕೊಡು" ಅಂತ ದಿವಾಕರನಿಗೆ ಹೇಳಿದಳು. "ನಾನು ಬೇಡ ಅಂದಿದ್ದೆ ಅಂತ ನಿನ್ನ ಬಾಯಿಂದ ಅವರಿಗೆ ಹೇಳು. ಈಗಲೇ ಫೋನ್ ಮಾಡು, ನಾನು ಇಲ್ಲೇ ನಿಂತಿರ್ತೀನಿ."

"ಹಂಗೆಲ್ಲ ಹೇಳಿದ್ರೆ ವಿಮೆಯವರು ನನ್ನ ಮೇಲೆ ಬರ್ತಾರೆ. ಸಂಘದಲ್ಲಿ ನನ್ನ ಮುಖ ಏನಾಗಬೇಕು?" ಅವನು ಎದ್ದು ನಿಂತ. ಮೆಲ್ಲಗೆ, ಬುದ್ಧಿ ಹೇಳುವವನ ಹಾಗೆ ಅಂದ: "ನೀನೂ ಸ್ವಲ್ಪ ಯೋಚನೆ ಮಾಡು ಮಣಿ. ವಿಡಿಯೋದಲ್ಲಿ ಇರೋದು ನೀನು. ನನ್ನ ದನಿ ಕೂಡ ಇಲ್ಲ ಅದರಲ್ಲಿ. ಇಬ್ಬರೂ ಸುಮ್ಮನಿದ್ರೆ ಇಬ್ಬರಿಗೂ ಒಳ್ಳೇದು."

ನಾಗಮಣಿ ಅವನ ಮುಖವನ್ನೇ ನೋಡಿದಳು. ಸಿಟ್ಟು ಬರುತ್ತದೆ ಅಂದುಕೊಂಡಿದ್ದಳು, ಬರಲಿಲ್ಲ. ತನ್ನ ನಗುವನ್ನು ಎಲ್ಲಿಗೆ ಕತ್ತರಿಸಬೇಕು ಅಂತ ಇವನು ಕೂತು ಆರಿಸಿದ್ದಾನೆ. ಆರಿಸುವಾಗ ತನ್ನ ದನಿಯನ್ನೂ ತೆಗೆದಿದ್ದಾನೆ. ಆವತ್ತೇ ಇವತ್ತಿನ ಯೋಚನೆ ಮಾಡಿದ್ದಾನೆ. ಅವಳು ಬೂಟು ಹಾಕಿಕೊಂಡಳು. ಲೇಸು ಕಟ್ಟದೆಯೇ ಹೊರಗೆ ಬಂದಳು.

ವಿಮೆಯವರು ಕಳಿಸಿದ ತಜ್ಞ ಗ್ರೋನಿಂಗನ್ನಿಗೆ ಬಂದ ದಿನ ನಾಗಮಣಿ ರಜೆ ಹಾಕಿ ಹೋದಳು. ವಿಡಿಯೋದಲ್ಲಿರುವವಳು ನಾನೇ ಅಂದಳು. ಏನು ನೋಡಿದೆ, ಯಾಕೆ ಬೇಡ ಅಂದೆ, ಉಳಿದ ಮಾತು ಏನಿತ್ತು ಅಂತ ಒಡೆದ ಗೇರ್‌ಬಾಕ್ಸಿನ ಪಕ್ಕದಲ್ಲೇ ನಿಂತು ವಿವರಿಸಿದಳು. ಅವಳ ಮಾತಿಗೆ ಅವಳೇ ಸಾಕ್ಷಿ. ಆ ಮನುಷ್ಯ ಕೇಳಿಸಿಕೊಂಡ. "ಅಷ್ಟು ಗೊತ್ತಿದ್ದವರು ಆ ವ್ಯಾನು ಏನಾಯಿತು ಅಂತ ಆಮೇಲೆ ಯಾಕೆ ವಿಚಾರಿಸಲಿಲ್ಲ?" ಅಂತ ಡಚ್ಚಿನಲ್ಲಿ ನೇರವಾಗಿ ಕೇಳಿದ.

"ಸ್ನೇಹಿತ ಹೇಳಿದ್ದ, ನಂಬಿದೆ" ಅಂದಳು. ಪರಭಾಷೆಯಲ್ಲಿ ಆ ಮಾತು ಇನ್ನೂ ಪೆದ್ದಾಗಿ ಕೇಳಿಸಿತು.

ಸಂಘದ ಜನರಿಗೆ ವಿಷಯ ತಿಳಿಯಿತು. ಕೆಲವರು ಅವಳಿಗೆ ಫೋನ್ ಮಾಡಿ, ಜೀವಕ್ಕೇನೂ ಆಗಿಲ್ಲವಲ್ಲ, ಹೊರದೇಶದಲ್ಲಿ ನಮ್ಮ ನಮ್ಮಲ್ಲೇ ಯಾಕೆ ಅಂದರು. ದಿವಾಕರನ ಬಾಯಲ್ಲಿ ಕಥೆ ಬೇರೆಯಾಗಿತ್ತು. ನಾಗಮಣಿ ಸರಿಯಾಗಿ ನೋಡಿರಲಿಲ್ಲ, ಈಗ ಜಾರಿಕೊಳ್ಳುತ್ತಿದ್ದಾಳೆ, ಪಾಪ ಅವಳಿಗೂ ಊರಿನ ಚಿಂತೆ ಇತ್ತು, ಅಂತ. ಆ 'ಪಾಪ' ಅನ್ನುವ ಪದ ಅವಳಿಗೆ ಬಹಳ ದಿನ ಚುಚ್ಚಿತು.

ಒಂದು ಮಧ್ಯಾಹ್ನ ಚಿರಂತನ ಫೋನ್ ಮಾಡಿದ. "ಅಕ್ಕಾರ, ಅಮೂಲ್ಯಾ ಅವರು ಬಂದಿದ್ರು. ತಾವೊಬ್ರ ಗಾಡಿ ಹೊಡಕೊಂಡು ಬಂದು ಕಾರಿನ ಕೀಲಿ ಕೊಟ್ಟು ಹೋದ್ರು. ನೀವು ಬ್ಯಾಡ ಅಂದಿದ್ರಿ ಅಂತನೂ ಹೇಳಿದ್ರು. ವಿಮೆಯವರಿಗೂ ಹೇಳ್ತೀನಿ ಅಂದ್ರು. ಒಳಗ ಬರ್ರಿ ಅಂದ್ರ ಬರ್ಲಿಲ್ಲ, ಬಾಗ್ಲಾಗ ನಿಂತು ಅತ್ತು ಹೋದ್ರು."

ನಾಗಮಣಿ ಕೇಳಿಸಿಕೊಂಡಳು. ಎದೆಯ ಮೇಲಿನ ಭಾರ ಇಳಿಯಬೇಕಿತ್ತು, ಸ್ವಲ್ಪ ಇಳಿಯಿತು. ಅಮೂಲ್ಯಾಗೆ ಫೋನ್ ಮಾಡಬೇಕು ಅಂತ ಅನ್ನಿಸಿತು, ಮಾಡಲಿಲ್ಲ. ಅಮೂಲ್ಯಾನೂ ಮಾಡಲಿಲ್ಲ. ಬುಧವಾರ ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ನಾಗಮಣಿಗೆ ಏನು ಮಾಡಬೇಕೋ ತೋಚುತ್ತಿರಲಿಲ್ಲ. ಕೊನೆಗೆ ಬುಧವಾರವೂ ಕೆಲಸಕ್ಕೆ ಹೋಗತೊಡಗಿದಳು.

ಬೇಸಿಗೆ ಬಂದಾಗ ಚಿರಂತನ, ನಿಸರ್ಗ ಅದೇ ಬೆಳ್ಳಿ ಕಾರಿನಲ್ಲಿ ನಾರ್ವೆಗೆ ಹೊರಟರು, ಹಿಂದಿನ ಸೀಟು ಮಡಚಿ ಹಾಸಿಗೆ ಹಾಕಿಕೊಂಡು. ಅಕ್ಕನೂ ಬರಬೇಕು ಅಂತ ಕರೆದರು. ಅವಳು ಹೋಗಲಿಲ್ಲ. ಅಲ್ಲಿಂದ ಅವರು ಕಳಿಸಿದ ಚಿತ್ರಗಳನ್ನು ಅಮ್ಮನಿಗೆ ಕಳಿಸಿದಳು. "ಯಾರೇ ಇವರು, ದಿವಾಕರ ಎಲ್ಲಿ?" ಅಂತ ಅಮ್ಮ ಕೇಳಿದರು. ಅವನು ಊರಲ್ಲಿಲ್ಲ ಅಂದಳು.

ಶರತ್ಕಾಲದಲ್ಲಿ ಒಂದು ದಿನ, ಸ್ಟೇಷನ್ ಹತ್ತಿರದ ಇಂಡಿಯನ್ ಅಂಗಡಿಯಿಂದ ತೊಗರಿಬೇಳೆ, ಕರಿಬೇವು ಕೊಂಡು ಬಸ್ಸಿಗೆ ನಿಂತಿದ್ದಳು. ಎದುರಿಗೆ ದಿವಾಕರ. ತೆಳ್ಳಗಾಗಿದ್ದ. ತಪ್ಪಿಸಿಕೊಳ್ಳುವುದಕ್ಕೆ ಇಬ್ಬರಿಗೂ ಜಾಗವಿರಲಿಲ್ಲ.

"ಮಣಿ" ಅಂದ. "ಅಮ್ಮನ ಕಾಲು ಈಗ ಹೇಗಿದೆ?"

ಅವನ ದನಿಯಲ್ಲಿ ಹಳೆಯ ಸಲಿಗೆಯಿತ್ತು. ಯಾರಾದರೂ ನೋಡಿದ್ದರೆ ನಿನ್ನೆ ತಾನೇ ಭೇಟಿಯಾದವರು ಅಂದುಕೊಳ್ಳಬೇಕು. ಅವಳಿಗೆ ಹೇಳುವುದು ಬೇಕಾದಷ್ಟಿತ್ತು. ರೈಲಿನಲ್ಲಿ, ಸ್ನಾನದ ಮನೆಯಲ್ಲಿ, ಸೈಕಲ್ ತುಳಿಯುವಾಗ ಎಷ್ಟೋ ಸಲ ಹೇಳಿಯಾಗಿತ್ತು. ಬಾಯಿಗೆ ಬಂದದ್ದು ಬೇರೆಯೇ.

"ಚೆನ್ನಾಗಿದ್ದಾರೆ. ಈಗ ಕೋಲಿಲ್ಲದೆ ನಡೀತಾರೆ. ನೀವು ಹೇಗಿದ್ದೀರಿ?"

ಕಾಲೇಜಿನ ಮೊದಲ ದಿನದಿಂದ ಅವಳು ಅವನಿಗೆ ಬಹುವಚನ ಹಾಕಿದವಳಲ್ಲ. ದಿವಾಕರ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಬಸ್ಸು ಬಂತು. ಅವನು ಹತ್ತಲಿಲ್ಲ. ನಾಗಮಣಿ ಕಾರ್ಡ್ ತೋರಿಸಿ ಹತ್ತಿ, ಕಿಟಕಿಯ ಪಕ್ಕ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಹೊರಗೆ ನೋಡಬಾರದು ಅಂತ ಬಲವಾಗಿ ಮುಂದಿನ ಸೀಟನ್ನೇ ನೋಡಿದಳು. ಬಸ್ಸು ತಿರುವು ದಾಟಿದ ಮೇಲೆ ಅತ್ತಳು. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಡಚ್ ಹೆಂಗಸು ಏನೂ ಕೇಳದೆ ತನ್ನ ಬ್ಯಾಗಿನಿಂದ ಒಂದು ಕಾಗದದ ಕರವಸ್ತ್ರ ತೆಗೆದು ಕೊಟ್ಟಳು.